ಕರಿ ಚಿಪ್ಪಿನ ಪಾಳಿ

ಭಾನುವಾರ ಮಧ್ಯಾಹ್ನ ಗ್ಯಾನೆಟ್ ಬೇ ಊರಿನ ಲೈಬ್ರರಿಗೆ ಬ್ರೋಡಿ ಹಿಂಗ್‌ಸ್ಟನ್ ಗೆದ್ದವನ ಹಾಗೆ ನುಗ್ಗಿ ಬಂದ. ಗೆದ್ದದ್ದೇನೂ ಇರಲಿಲ್ಲ. ಮೆರೆಡಿತ್ ಇನ್ನೂ ಹೂಂ ಅಂದಿರಲಿಲ್ಲ. ಆದರೆ ಅನ್ನುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ದೋಣಿಯ ಮೇಲೆ ನಿಂತು ಮೂಗು ಎತ್ತಿ, ಸಂಜೆಗೆ ಗಾಳಿ ಎತ್ತ ತಿರುಗುತ್ತದೆ ಎಂದು ಹೇಳುವವನು ಅವನು. ಹೆಂಗಸಿನ ಮನಸ್ಸೂ ಅಷ್ಟೇ ತಾನೆ ಎಂದುಕೊಂಡಿದ್ದ.

ವಿಷಯ ಇಷ್ಟು. ಮೆರೆಡಿತ್ ಪಾಸ್ಕೋ ಊರಿನ ಸ್ಕೂಲಿನ ಹೆಡ್‌ಮಿಸ್. ಬಂದು ಮೂರು ವರ್ಷ ಆಗಿತ್ತು, ಅವಧಿ ಮುಗಿಯುತ್ತಿತ್ತು. ಇನ್ನೂ ನಾಲ್ಕು ವರ್ಷ ಇಲ್ಲೇ ಇರುತ್ತೀರೋ, ಲಾನ್ಸೆಸ್ಟನ್ ಪಟ್ಟಣಕ್ಕೆ ವಾಪಸ್ ಹೋಗುತ್ತೀರೋ ಎಂದು ಇಲಾಖೆಯವರು ಕೇಳಿದ್ದರು. ಸೋಮವಾರ ಬೆಳಿಗ್ಗೆ ಉತ್ತರ ಕೊಡಬೇಕು. ಅವಳಿಗೆ ನಲವತ್ತೊಂದು, ಬ್ರೋಡಿಗೆ ಇಪ್ಪತ್ತೇಳು. ಅವಳ ಹೆಸರಿನ ಹಿಂದೆ ಡಿಗ್ರಿಗಳ ಬಾಲ. ಅವನು ಅದೇ ಸ್ಕೂಲಿನಿಂದ, ಅವಳು ಬರುವುದಕ್ಕೆ ಬಹಳ ಮೊದಲೇ, ಹದಿನೈದನೇ ವಯಸ್ಸಿಗೆ ಎದ್ದು ಹೋದವನು. ಕ್ಲಾಸಿನಲ್ಲಿ ನಿಲ್ಲಿಸಿ ಗಟ್ಟಿಯಾಗಿ ಓದಿಸಿದರು, ತಡವರಿಸಿದ, ಹುಡುಗರು ನಕ್ಕರು, ಮೇಷ್ಟ್ರೂ ನಕ್ಕರು. ಮೇಜು ಒದ್ದು ಹೊರಗೆ ಬಂದ. ವಾಪಸ್ ಬಾ ಅಂತ ಒಂದು ನರಪಿಳ್ಳೆಯೂ ಅನ್ನಲಿಲ್ಲ. ಆ ಸಿಟ್ಟು ಈಗಲೂ ಆರಿಲ್ಲ. ಆರಲಿ ಅಂತ ಅವನಿಗೂ ಇಲ್ಲ.

ಪುಸ್ತಕದ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಕಡಲ ತಳದಿಂದ ಅಬಲೋನ್ ಚಿಪ್ಪುಮೀನು ತೆಗೆಯಲು ಮುಳುಗಿದಾಗ ಕಿವಿಯ ತಮಟೆ ಹರಿದು, ಒಂದು ಚಳಿಗಾಲ ಪೂರ್ತಿ ಕಡಲಿಗಿಳಿಯದೆ ದಡದಲ್ಲೇ ಬಿದ್ದಿದ್ದ. ಊರಿನಲ್ಲಿ ಪುಕ್ಕಟೆ ಮೈ ಕಾಯಿಸಿಕೊಳ್ಳುವ ಜಾಗ ಅಂದರೆ ಲೈಬ್ರರಿಯೊಂದೇ. ಹೀಟರಿನ ಪಕ್ಕ ಕೂತವನ ಮಡಿಲಿಗೆ ಬೆರಿಲ್ ಒಂದು ಪುಸ್ತಕ ಎಸೆದಳು, "ಸುಮ್ನೆ ಕೂತು ನನ್ನ ನೆಲ ಯಾಕೋ ಸವೆಸ್ತೀಯ, ಓದು" ಅಂತ. ಹಸಿದವನು ಉಣ್ಣುವ ಹಾಗೆ ಓದಿದ. ಬೆರಿಲ್ ಪೋಸ್ಟಾಫೀಸಿನಿಂದ ರಿಟೈರಾಗಿ, ಸಂಬಳವಿಲ್ಲದೆ ಲೈಬ್ರರಿ ನೋಡಿಕೊಳ್ಳುವ ಮುದುಕಿ. ತಿಂಗಳಿಗೊಮ್ಮೆ ಸೇರುವ ಓದುಗರ ಬಳಗಕ್ಕೂ ಅವಳೇ ಎಳೆದು ತಂದಳು. ಅಲ್ಲಿ ಮೆರೆಡಿತ್ ಇದ್ದಳು.

ಎಂಟು ತಿಂಗಳಿಂದ ಇಬ್ಬರೂ ಒಂದಾಗಿದ್ದರು, ಕದ್ದು. ಹೆಡ್‌ಮಿಸ್ ಮನೆಗೆ ಹಿತ್ತಲಿಂದ ಬರುವುದು, ಹಿತ್ತಲಿಂದ ಹೋಗುವುದು. ಗುರುವಾರ ಬ್ರೋಡಿ ಕೇಳಿಯೇ ಬಿಟ್ಟಿದ್ದ. "ಇರ್ತೀಯಾ ಇಲ್ವಾ? ಇದ್ರೆ ಮುಂಬಾಗಿಲಿಂದ ಬರ್ತೀನಿ. ಬೇಲಿ ಹಾರಿ ಹಾರಿ ಪ್ಯಾಂಟೆಲ್ಲ ಹರೀತು."

"ಭಾನುವಾರ ಕಳೀಲಿ," ಅಂದಿದ್ದಳು ಮೆರೆಡಿತ್. "ಈ ತಿಂಗಳ ಬಳಗಕ್ಕೆ ನಾನು ಆ ಪುಸ್ತಕ ಆರಿಸಿದ್ದು ಯಾಕೆ ಅನ್ಕೊಂಡೆ? ಅದರಲ್ಲಿರೋ ನಮ್ಮಂಥ ಜೋಡೀನ ಇವರು ಏನಂತಾರೆ ಕೇಳ್ಬೇಕು. ಕಾಗದದ ಮೇಲಿರೋರನ್ನೇ ಸಹಿಸ್ದೇ ಇರೋರು ನಮ್ಮನ್ನ ಸಹಿಸ್ತಾರೇನೋ?"

"ಅವರ ಮಾತು ಕಟ್ಕೊಂಡು ಏನಾಗ್ಬೇಕು?"

"ನಿಂಗೇನೂ ಆಗ್ಬೇಕಿಲ್ಲ. ನಾನು ಅವರ ಮಕ್ಕಳಿಗೆ ಪಾಠ ಹೇಳ್ಬೇಕು."

ಸರಿ, ಭಾನುವಾರ ತೋರಿಸುತ್ತೇನೆ ಅಂದುಕೊಂಡ ಬ್ರೋಡಿ. ಆ ಜೋಡಿಯ ಪರವಾಗಿ ಯಾರೂ ಉಸಿರೆತ್ತದ ಹಾಗೆ ವಾದ ಮಾಡುತ್ತೇನೆ. ಮೂರು ದಿನ ದೋಣಿಯ ಮೇಲೆ ಬಲೆ ಬಿಡಿಸುತ್ತಾ ಆ ಮಾತುಗಳನ್ನೇ ಮಸೆದುಕೊಂಡು ಬಂದಿದ್ದ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಉಳಿದವರೆಲ್ಲ ಆಗಲೇ ಕೂತಿದ್ದರು. ಬೆರಿಲ್ ಕೆಟಲ್ ಇಟ್ಟಿದ್ದಳು. ಬೇಕರಿಯ ನೋಲೀನ್ ಸ್ಕ್ಯಾಲಪ್ ಎಂಬ ಚಿಪ್ಪುಮೀನು ತುಂಬಿದ ಪೈ ತಂದಿದ್ದಳು. ಕ್ಲೈವ್ ಟ್ಯಾಟ್‌ನೆಲ್ ಸಿಂಪಿ ಸಾಕಣೆ ಮಗನಿಗೆ ಬಿಟ್ಟುಕೊಟ್ಟು, ಈಗ ಊರಿನ ಎಲ್ಲ ಕಮಿಟಿಗಳಲ್ಲಿ ಕೂರುವ ಕೆಲಸ ಮಾಡಿಕೊಂಡಿದ್ದ. ಅವನು ಹೀಟರಿಗೆ ಬೆನ್ನು ಕೊಟ್ಟು ಕೂತಿದ್ದ. ಸ್ಕೂಲ್ ಕಮಿಟಿಗೂ ಅವನೇ ಅಧ್ಯಕ್ಷ. ಮೆರೆಡಿತ್ ಕಿಟಕಿಯ ಹತ್ತಿರ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಮೀಟಿಂಗಿಗೆ ಬಂದವಳ ಹಾಗೆ ನೆಟ್ಟಗೆ ಕೂತಿದ್ದಳು.

"ಬಾರೋ ಮಗಾ," ಅಂದಳು ಬೆರಿಲ್. "ಬೂಟು ಆಚೆ ಬಿಡು. ಮೀನಿನ ವಾಸನೆ ಹೋದ ಸಲ ಬುಧವಾರದ ತನಕ ಇತ್ತು."

"ಅದು ನನ್ನ ವಾಸನೆ ಅಲ್ಲ ಬೆರಿಲಮ್ಮ, ಕ್ಲೈವ್ ಆರಿಸಿದ ಪುಸ್ತಕದ್ದು."

"ಲೋ!" ಅಂದ ಕ್ಲೈವ್. "ಎರಡನೇ ಮಹಾಯುದ್ಧದ ಬಗ್ಗೆ ನಿಂಗೇನೋ ಗೊತ್ತು?"

"ಏನೂ ಇಲ್ಲ. ಪುಸ್ತಕ ಓದಿದ್ಮೇಲೂ ಗೊತ್ತಾಗ್ಲಿಲ್ಲ."

ನೋಲೀನ್ ನಕ್ಕಳು. ಮೆರೆಡಿತ್ ನಗಲಿಲ್ಲ.

ಈ ಬಳಗಕ್ಕೊಂದು ಕಟ್ಟಳೆ ಇತ್ತು. ಮೊದಲೆಲ್ಲ ಎಲ್ಲರೂ ಎಲ್ಲ ಪುಸ್ತಕವನ್ನೂ ಚೆನ್ನಾಗಿದೆ ಚೆನ್ನಾಗಿದೆ ಎಂದು ಪೈ ತಿಂದು ಎದ್ದು ಹೋಗುತ್ತಿದ್ದರಂತೆ. ಬಳಗ ಮುಚ್ಚುವ ಹಂತಕ್ಕೆ ಬಂದಾಗ ಬೆರಿಲ್ ಒಂದು ಉಪಾಯ ಹೂಡಿದಳು. ಉಲ್ಲನ್ ಟೋಪಿಯೊಳಗೆ ಐದು ಕಪ್ಪೆಚಿಪ್ಪು. ಒಂದಕ್ಕೆ ಕರಿ ಬಣ್ಣ, ಒಂದಕ್ಕೆ ಬಿಳಿ, ಉಳಿದವು ಬೋಳು. ಕರಿ ಸಿಕ್ಕವರು ಪುಸ್ತಕವನ್ನು ಬಯ್ಯಬೇಕು. ಮನಸ್ಸಿಗೆ ಎಷ್ಟೇ ಹಿಡಿಸಿರಲಿ, ಒಂದು ಒಳ್ಳೆಯ ಮಾತು ಬಾಯಿಂದ ಬರಕೂಡದು. ಅವರದು ಮುಗಿದ ಮೇಲೆ ಬಿಳಿ ಸಿಕ್ಕವರು ಹೊಗಳಬೇಕು. ಉಳಿದವರು ತೀರ್ಪು ಹೇಳುತ್ತಾರೆ, ಸೋತವರು ಎಲ್ಲರ ಟೀ ಕಪ್ಪು ತೊಳೆಯುತ್ತಾರೆ. ಚಿಪ್ಪು ಕೈಯಲ್ಲಿದ್ದಾಗ ಆಡಿದ ಮಾತನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗಕೂಡದು. ಹಾಗಂತ ನಿಯಮ. ಆದರೂ ಒಮ್ಮೆ ನೋಲೀನ್ ಕರಿ ಚಿಪ್ಪು ಹಿಡಿದು, ಮಕ್ಕಳನ್ನು ಹೆರುವುದೇ ದಂಡ ಎಂದು ಗಂಟೆಗಟ್ಟಲೆ ವಾದಿಸಿದ್ದು ಊರೆಲ್ಲ ಸುತ್ತಿ ಮಗಳ ಕಿವಿಗೆ ಬಿದ್ದು, ಮಗಳು ಕ್ರಿಸ್ಮಸ್ಸಿಗೂ ಬಂದಿರಲಿಲ್ಲ.

ಬೆರಿಲ್ ಟೋಪಿ ಹಿಡಿದು ಬಂದಳು. ಬ್ರೋಡಿ ಕೈ ಹಾಕಿದ. ಬಿಳಿ ಬರುತ್ತದೆ ಎಂದು ಅವನಿಗೆ ಅನುಮಾನವೇ ಇರಲಿಲ್ಲ.

ಕರಿ ಬಂತು.

"ಇದು ಬೇಡ. ಇನ್ನೊಂದ್ಸಲ ತೆಗೀತೀನಿ."

"ಆಹಾ, ಆಸೆ ನೋಡು," ಅಂದ ಕ್ಲೈವ್. "ನಾನು ನಾನೇ ಆರಿಸಿದ ಪುಸ್ತಕಾನ ಬೈದಿದ್ದೀನಿ. ಬಾಯ್ಮುಚ್ಕೊಂಡು ಬೈಯಿ."

"ಬಾಯ್ಮುಚ್ಕೊಂಡು ಹೆಂಗೆ ಬೈಯ್ಲಿ?"

ಬಿಳಿ ಚಿಪ್ಪು ಮೆರೆಡಿತ್ ಕೈಯಲ್ಲಿತ್ತು. ಅದನ್ನು ಎಲ್ಲರಿಗೂ ತೋರಿಸಿ ಪುಸ್ತಕದ ಮೇಲಿಟ್ಟಳು. ಬ್ರೋಡಿಯ ಕಡೆ ನೋಡಲಿಲ್ಲ.

ಕಾದಂಬರಿಯ ಕತೆ ದೊಡ್ಡದೇನಲ್ಲ. ಇಸೊಬೆಲ್ ಎಂಬ ಕಲ್ಲುಗಳ ವಿಜ್ಞಾನಿ ಒಂದು ದ್ವೀಪಕ್ಕೆ ಬರುತ್ತಾಳೆ. ಅಲ್ಲಿ ಜನರನ್ನು ದಡದಿಂದ ದಡಕ್ಕೆ ದಾಟಿಸುವ ಮರ್ಡೊ ಎಂಬ ದೋಣಿಗಾರ. ಅವನಿಗೆ ಓದು ಬರಹ ಬಾರದು. ಇಬ್ಬರೂ ಕೂಡಿ ಬಾಳುತ್ತಾರೆ. ಕೊನೆಯ ಪುಟದಲ್ಲಿ ಒಂದೇ ದೋಣಿಯಲ್ಲಿ ಕೂತು ಆಚೆ ದಡಕ್ಕೆ ಹೊರಡುತ್ತಾರೆ.

"ಶುರು ಮಾಡಪ್ಪ," ಅಂದಳು ನೋಲೀನ್. "ನಂಗಂತೂ ಅವರಿಬ್ಬರೂ ದೋಣಿಮನೇಲಿ ಸೇರೋ ಅಧ್ಯಾಯ ಓದ್ತಾ ಎರಡು ತಟ್ಟೆ ಪೈ ಸೀದುಹೋಯ್ತು. ಅದನ್ನ ಮಾತ್ರ ಬೈಬೇಡ."

ಬ್ರೋಡಿ ಮಸೆದುಕೊಂಡು ಬಂದದ್ದೆಲ್ಲ ಹೊಗಳುವ ಕಡೆಯ ಮಾತು. ಬಯ್ಯುವ ಕಡೆಗೆ ಏನಿದೆ? ಹುಡುಕಿದ. ಹುಡುಕಿದರೆ ರಾಶಿ ಇತ್ತು. ಹದಿನೈದನೇ ವಯಸ್ಸಿನಿಂದ ಊರು ಅವನ ಬಗ್ಗೆ ಆಡಿದ್ದು, ಬಂದರಿನಲ್ಲಿ, ಹೋಟೆಲಿನಲ್ಲಿ, ಅವನ ಬೆನ್ನ ಹಿಂದೆ, ಅವನ ಮುಖದ ಮೇಲೆ ಆಡಿದ್ದು, ಒಂದೂ ಮರೆತಿರಲಿಲ್ಲ. ಮರ್ಡೊನ ಹೆಸರು ಹಚ್ಚಿದರೆ ಸಾಕಿತ್ತು.

"ಈ ಜೋಡಿ ಸುಳ್ಳು," ಅಂದ. "ಮೂರು ಡಿಗ್ರಿ ಮಾಡಿದ ಹೆಂಗಸು, ಹೆಬ್ಬೆಟ್ಟಿನ ಗಂಡಸು. ಬೆಳಿಗ್ಗೆ ಎದ್ದು ತಿಂಡಿಗೆ ಕೂತ್ರೆ ಏನು ಮಾತಾಡ್ತಾರೆ? ಅವಳು ಕಲ್ಲಿಗೆ ಎಷ್ಟು ಕೋಟಿ ವರ್ಷ ಅಂತಾಳೆ. ಇವನು ಹೌದಾ ಅಂತಾನೆ. ಮುಗೀತು. ಆಮೇಲೆ?"

"ಅದೇ ನಾನೂ ಹೇಳಿದ್ದು!" ಅಂದ ಕ್ಲೈವ್.

"ನೀನು ತೀರ್ಪು ಹೇಳೋನು, ನಡುವೆ ಬಾಯಿ ಹಾಕ್ಬೇಡ," ಅಂದಳು ಬೆರಿಲ್.

ಬ್ರೋಡಿಗೆ ಕುದುರಿತು. ಎದ್ದು ನಿಂತ. "ಇವಳಿಗೆ ಇವನು ಅಂದ್ರೆ ರಜಾ. ಊರಿಂದ ದೂರ ಬಂದಾಗ ಬಿಸಿಲು ಕಾಯ್ತೀವಲ್ಲ, ಹಂಗೆ. ರಜಾ ಮುಗಿದ್ರೆ ಸೂಟ್‌ಕೇಸ್ ಕಟ್ತಾಳೆ. ಯಾರ ಕಣ್ಣಿಗೂ ಬೀಳದೋನನ್ನೇ ಹುಡುಕ್ಕೊಂಡಳು, ಯಾಕೆ? ಬಿಟ್ಟು ಹೋದ್ರೂ ಯಾರೂ ಕೇಳಲ್ಲ ಅಂತ. ನೋಡಿ, ಅವಳ ಪ್ರೊಫೆಸರ್ ಸ್ನೇಹಿತರು ಬಂದಾಗ ಮರ್ಡೊ ಎಲ್ಲಿದ್ದ? ದೋಣಿಮನೇಲಿ! ಮನೆಗೆ ದೊಡ್ಡೋರು ಬಂದ ತಕ್ಷಣ ಇವನು ಹಿತ್ತಲಿಂದ ಮಾಯ. ಬಾಗಿಲು ಬಡಿದ ಸದ್ದಾದ್ರೆ ಸಾಕು, ಬಾಯಿಗಿಟ್ಟ ತುತ್ತು ಬಿಟ್ಟು ಓಡ್ಬೇಕು. ಇದನ್ನ ಪ್ರೀತಿ ಅಂತ ಮುನ್ನೂರು ಪುಟ ಬರೆದಿದ್ದಾರೆ!"

ಅದು ಪುಸ್ತಕದ ಮಾತಾಗಿ ಉಳಿದಿರಲಿಲ್ಲ. ಎರಡು ವಾರದ ಹಿಂದೆ ಹೆಡ್‌ಮಿಸ್ ಮನೆಯಲ್ಲಿ ಮೊಟ್ಟೆ ತಿನ್ನುತ್ತಾ ಕೂತಿದ್ದಾಗ ಬಾಗಿಲು ಬಡಿದವನು ಕ್ಲೈವ್. ತಟ್ಟೆ ಬಿಟ್ಟು ಹಿತ್ತಲಿಗೆ ಓಡಿದವನು ಬ್ರೋಡಿ. ಆಡುತ್ತಿರುವುದು ಏನು ಎಂದು ಅವನಿಗೆ ಗೊತ್ತಾಯಿತು. ನಿಲ್ಲಿಸಲು ಆಗಲಿಲ್ಲ. ಸಿಟ್ಟಿಗೆ ಒಂದು ರುಚಿ ಇರುತ್ತದೆ, ನಾಲಿಗೆ ಅದನ್ನು ಬಿಡುವುದಿಲ್ಲ.

"ಕೊನೇ ಪುಟ ಶುದ್ಧ ಬೊಗಳೆ. ಇಬ್ಬರೂ ಒಂದೇ ದೋಣೀಲಿ ಎಲ್ಲಿಗ್ರೀ ಹೋಗ್ತಾರೆ? ಮರ್ಡೊಗೆ ಮಾನ ಇದ್ದಿದ್ರೆ ಅವಳನ್ನ ದಡದ ಮೇಲೆ ಬಿಟ್ಟು, ಹಗ್ಗ ಬಿಚ್ಚಿ, ಒಬ್ಬನೇ ಹೋಗ್ತಿದ್ದ. ನಾನಾಗಿದ್ರೆ ಹೋಗ್ತಿದ್ದೆ. ಅಷ್ಟೇ."

ಕೂತ. ಕ್ಲೈವ್ ತೊಡೆ ತಟ್ಟಿದ. "ಭೇಷ್! ಬಡ್ಡಿಮಗನೇ, ನೀನು ಲಾಯರ್ ಆಗ್ಬೇಕಿತ್ತು ಕಣೋ!"

"ಯಾಕೋ ಹಿಡಿಸ್ಲಿಲ್ಲ ನಂಗೆ," ಅಂದಳು ನೋಲೀನ್. "ಚೆನ್ನಾಗೇನೋ ಹೇಳ್ದೆ. ಆದ್ರೆ ಪಾಪ, ಆ ಇಸೊಬೆಲ್."

"ಮೆರೆಡಿತ್, ನಿಮ್ಮ ಪಾಳಿ," ಅಂದಳು ಬೆರಿಲ್.

ಬ್ರೋಡಿ ಈಗ ಅವಳನ್ನು ನೋಡಿದ. ಇಲಾಖೆಯ ಸಾಹೇಬರನ್ನೇ ನಾಲ್ಕು ಮಾತಿನಲ್ಲಿ ಕೂರಿಸುವ ಹೆಂಗಸು. ಈಗ ಎದ್ದು ಇವನ ಚರ್ಮ ಸುಲಿಯುತ್ತಾಳೆ ಎಂದು ಖುಷಿಯಿಂದಲೇ ಕಾದ. ಸೋಲಲು ತಯಾರಾಗಿ ಕಾದ.

ಮೆರೆಡಿತ್ ಬಿಳಿ ಚಿಪ್ಪನ್ನು ಟೋಪಿಯೊಳಗೆ ಹಾಕಿದಳು. "ನಂಗೆ ಹೇಳೋಕೆ ಏನೂ ಇಲ್ಲ," ಅಂದಳು. "ಬ್ರೋಡಿ ಹೇಳಿದ್ದು ಸರಿ. ಕಪ್ಪು ನಾನು ತೊಳೀತೀನಿ."

ಟ್ರೇ ಎತ್ತಿಕೊಂಡು ಪಕ್ಕದ ಪುಟ್ಟ ಅಡಿಗೆಕೋಣೆಗೆ ಹೋದಳು. ನಲ್ಲಿ ಬಿಟ್ಟ ಸದ್ದಾಯಿತು.

"ಏನಿದು? ವಾದಾನೇ ಮಾಡ್ದೆ ಸೋತ್ರಾ?" ಕ್ಲೈವ್ ಬಾಯಿ ಬಿಟ್ಟ. "ಇದೇ ಮೊದಲ ಸಲ!"

ಬ್ರೋಡಿಗೆ ಆಗ ಹೊಳೆಯಿತು. ಅವಳು ಊರಿನವರ ತೀರ್ಪು ಕೇಳಲು ಬಂದಿದ್ದಳು. ಕೇಳಿಸಿದ್ದು ಇವನ ತೀರ್ಪು. ಗುರುವಾರದ ಪ್ರಶ್ನೆಗೆ ಭಾನುವಾರ ಇವನೇ ಉತ್ತರ ಕೊಟ್ಟಿದ್ದ: ಹಗ್ಗ ಬಿಚ್ಚಿ ಹೋಗುತ್ತೇನೆ ಅಂತ. ಕರಿ ಚಿಪ್ಪಿನ ಪಾಳಿ ಅಂತ ಅವಳಿಗೂ ಗೊತ್ತು. ಆದರೆ ಚಿಪ್ಪು ಬಯ್ಯಿ ಅಂದಿತ್ತೇ ಹೊರತು ಬಾಯಿಗಿಟ್ಟ ತುತ್ತಿನ ಮಾತು ಎತ್ತು ಅಂದಿರಲಿಲ್ಲ. ಅದು ಇವನ ಒಳಗಿಂದಲೇ ಬಂದದ್ದು. ಅದೂ ಅವಳಿಗೆ ಗೊತ್ತು.

ಎದ್ದು ಅಡಿಗೆಕೋಣೆಗೆ ಹೋಗಬಹುದಿತ್ತು. ಬಾಗಿಲು ಮುಂದೆ ಮಾಡಿ, ತಪ್ಪಾಯಿತು ಕಣೇ ಎಂದು ಪಿಸುಗುಟ್ಟಬಹುದಿತ್ತು. ಅದೂ ಹಿತ್ತಲ ಬಾಗಿಲೇ. ಹೋಗಲಿ, ಎಲ್ಲರ ಮುಂದೆ ನಿಜ ಕೂಗಿ ಹೇಳೋಣ ಅಂದರೆ, ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ. ಹೇಳಿದರೆ ಹಾಳಾಗುವುದು ಅವಳ ಕೆಲಸ, ಅವಳ ಹೆಸರು. ಅದು ಇವನ ಸೊತ್ತಲ್ಲ. ಎರಡೂ ದಾರಿ ಮುಚ್ಚಿದ್ದವು. ಉಳಿದದ್ದು ಪುಸ್ತಕ ಒಂದೇ.

"ಬೆರಿಲಮ್ಮ, ನಂದು ಮುಗಿದಿಲ್ಲ."

"ಮುಗೀತಲ್ಲೋ. ಗೆದ್ದೆ. ಪೈ ತಿನ್ನು."

"ಬಿಳಿ ಪಾಳಿ ಯಾರೂ ಆಡಿಲ್ಲ. ಅದನ್ನ ನಾನು ಆಡ್ತೀನಿ."

"ಒಬ್ಬನೇ ಎರಡೂ ಕಡೆ? ನಿಯಮದಲ್ಲಿ ಇಲ್ಲ," ಅಂದ ಕ್ಲೈವ್.

"ನಿಯಮನ ತಗೊಂಡೋಗಿ ನಿಮ್ಮ ಸಿಂಪಿಗೆ ಹಾಕಿ!" ಬ್ರೋಡಿಯ ದನಿ ಏರಿತು. ಅಡಿಗೆಕೋಣೆಗೂ ಕೇಳಲಿ ಎಂದೇ ಏರಿತು. "ತಿಂಡಿಗೆ ಕೂತು ಏನು ಮಾತಾಡ್ತಾರೆ ಅಂದ್ನಲ್ಲ, ಹೇಳ್ತೀನಿ ಕೇಳಿ. ಅವಳು ಟೋಸ್ಟಿಗೆ ಅಂಚಿನ ತನಕ ಬೆಣ್ಣೆ ಸವರ್ತಾಳೆ, ಒಂದು ಚೂರು ಬಿಡಲ್ಲ. ಗೋಡೆಗೆ ಸುಣ್ಣ ಬಳಿಯೋಳ ಥರ. ಅದಕ್ಕೆ ಇವನು ನಗ್ತಾನೆ. ಅವಳಿಗೆ ಸಿಟ್ಟು ಬರತ್ತೆ. ಪೇಪರಿನ ಪದಬಂಧ ತಗೊಂಡು ಒಂದೊಂದೇ ಸುಳಿವು ಓದ್ತಾಳೆ. ಇವನು ಎಲ್ಲಕ್ಕೂ ಮೀನಿನ ಹೆಸರು ಹೇಳ್ತಾನೆ. ನಾಲ್ಕಕ್ಷರದ ರಾಜ ಯಾರು ಅಂದ್ರೂ ಮೀನೇ. ಒಂದ್ಸಲ ಸರಿಹೋಯ್ತು. ಅವತ್ತು ಅವಳು ನಕ್ಕಿದ್ದಕ್ಕೆ ಟೀ ಮೂಗಿಗೆ ಹತ್ತಿ, ಸ್ಕೂಲಿಗೆ ಅದೇ ಕೆಂಪು ಮೂಗಲ್ಲಿ..." ತಡೆದುಕೊಂಡ. "ಕಲ್ಲು ಅಗೆಯೋಕೆ ಹೋದ್ಲು."

"ಇದು ಯಾವ ಪುಟ?" ಕ್ಲೈವ್ ಪುಸ್ತಕ ತಿರುವಿದ. "ನನ್ನ ಪ್ರತೀಲಿ ಪದಬಂಧ ಇಲ್ವಲ್ಲ."

"ಇವನಿಗೆ ಕಿವಿ ನೋವು ಬಂದ್ರೆ," ಬ್ರೋಡಿ ನಿಲ್ಲಿಸಲಿಲ್ಲ, "ಅವಳು ಆ ಕಡೆ ಮಲಗಲ್ಲ, ಈ ಕಡೆ ಮಲಗ್ತಾಳೆ. ಯಾಕೆ ಅಂದ್ರೆ ಕೇಳೋ ಕಿವಿ ಇತ್ತ ಇದೆ. ಅವನು ಓದ್ತಾ ತಡವರಿಸಿದ್ರೆ ತಿದ್ದಲ್ಲ. ಕಾಯ್ತಾಳೆ. ಅವನಿಗೆ ಜನ್ಮದಲ್ಲಿ ಯಾರೂ ಹಂಗೆ ಕಾದಿಲ್ಲ. ಹಗ್ಗ ಬಿಚ್ಚಿ ಹೋಗ್ತೀನಿ ಅಂತ ಅವನು ಬೊಗಳ್ತಾನೆ, ಹೌದು. ಸಿಟ್ಟಿನ ಸೂಳೆಮಗ ಅವನು. ಹೋಗಲ್ಲ. ಎಲ್ಲಿಗೂ ಹೋಗಲ್ಲ. ಅವಳು ಲಾನ್ಸೆಸ್ಟನ್... ಎಲ್ಲಿಗೆ ಹೋದ್ರೂ, ಅವನು ದಡದಲ್ಲೇ ಕೂತಿರ್ತಾನೆ."

"ಇಲ್ಲವೇ ಇಲ್ಲ," ಅಂದ ಕ್ಲೈವ್. "ಮರ್ಡೊಗೆ ಓದೋಕೇ ಬರಲ್ಲ. ಕಿವಿ ನೋವು ಯಾವಾಗ ಬಂತು? ಇವನು ಬೇರೆ ಯಾವುದೋ ಪುಸ್ತಕ ಓದ್ಕೊಂಡು ಬಂದಿದ್ದಾನೆ."

ನೋಲೀನ್ ಪೈ ಕೆಳಗಿಟ್ಟಳು. ಬಾಯಿ ಒರೆಸಿಕೊಂಡಳು. ಅವಳ ಕಣ್ಣು ಬ್ರೋಡಿಯ ಮೇಲಿಂದ ಅಡಿಗೆಕೋಣೆಯ ಬಾಗಿಲಿಗೆ ಹೋಯಿತು, ಮತ್ತೆ ಬ್ರೋಡಿಗೆ ಬಂತು. "ಕ್ಲೈವ್," ಅಂದಳು ಮೆಲ್ಲಗೆ, "ಪುಸ್ತಕ ಮುಚ್ಚು. ಅದರಲ್ಲಿಲ್ಲ ಅದು."

"ಮತ್ತೆ ಎಲ್ಲಿದೆ?"

ನಲ್ಲಿ ನಿಂತಿತು. ಮೆರೆಡಿತ್ ಬಾಗಿಲಿಗೆ ಬಂದು ನಿಂತಳು. ಕೈ ಒದ್ದೆ. ಕಣ್ಣೂ ಹಾಗೇ ಇತ್ತೇನೋ, ದನಿ ಮಾತ್ರ ಸ್ಕೂಲಿನ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಆಡುವ ದನಿ.

"ನನ್ನ ಮನೇಲಿದೆ, ಕ್ಲೈವ್. ಎಂಟು ತಿಂಗಳಿಂದ."

ಕ್ಲೈವ್ ಅವಳನ್ನು ನೋಡಿದ. ಬ್ರೋಡಿಯನ್ನು ನೋಡಿದ. ಲೆಕ್ಕ ಕೂಡಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಂಗಾದ್ರೆ ಅವತ್ತು ನಿಮ್ಮ ಹಿತ್ತಲಲ್ಲಿ ಬೇಲಿ ಹಾರಿದ್ದು..."

"ನಾನೇ," ಅಂದ ಬ್ರೋಡಿ.

"ವಾಲಬಿ ಅನ್ಕೊಂಡಿದ್ನಲ್ಲೋ, ಮರಿ ಕಾಂಗರೂ ಥರ ಹಾರ್ತಲ್ಲ ಅಂತ! ಮನೆಗೆ ಹೋಗಿ ಹೆಂಡ್ತಿಗೂ ಹೇಳ್ದೆ, ಎಂಥಾ ಗಾತ್ರದ ವಾಲಬಿ ಅಂತ!"

ಬೆರಿಲ್ ಕೆಮ್ಮಿದಳು, ಆಮೇಲೆ ಆ ಕೆಮ್ಮು ನಗುವಾಯಿತು. "ನಂಗೆ ಮಾರ್ಚ್‌ನಲ್ಲೇ ಗೊತ್ತಿತ್ತು. ಇವರಿಬ್ಬರೂ ವಾಪಸ್ ಕೊಡೋ ಪುಸ್ತಕಕ್ಕೆಲ್ಲ ಒಂದೇ ಥರ ಬೆಣ್ಣೆ ಹತ್ತಿರ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?" ಅಂದಳು ನೋಲೀನ್, ದೊಡ್ಡ ನಷ್ಟವಾದವಳ ಹಾಗೆ.

"ನಿಂಗೆ ಹೇಳೋದು ಬೇರೆ, ಕಂಬಕ್ಕೆ ಮೈಕ್ ಕಟ್ಟೋದು ಬೇರೆನಾ?"

ಕ್ಲೈವ್ ನಗುತ್ತಿರಲಿಲ್ಲ. "ಹೆಡ್‌ಮಿಸ್, ನಾನು ಅಧ್ಯಕ್ಷ. ಇದು ನಾಳೆ ಊರಾಡತ್ತೆ. ನಾಲ್ಕು ಜನ ನನ್ನ ಮನೆ ಬಾಗಿಲಿಗೂ ಬರ್ತಾರೆ. ಏನು ಹೇಳ್ಲಿ ಅವರಿಗೆ?"

ಬ್ರೋಡಿ ಮುಷ್ಟಿ ಕಟ್ಟಿ ಎದ್ದ. "ಏನ್ ಹೇಳ್ಬೇಕು? ಯಾರ ಅಪ್ಪನ ಮನೆ..."

"ಕೂತ್ಕೋ ಬ್ರೋಡಿ," ಅಂದಳು ಮೆರೆಡಿತ್. ಅವನು ಕೂತ. ಅವಳು ಕ್ಲೈವ್ ಕಡೆ ತಿರುಗಿದಳು. "ಹೆಡ್‌ಮಿಸ್ ಇನ್ನೂ ನಾಲ್ಕು ವರ್ಷ ಇಲ್ಲೇ ಇರ್ತಾರೆ ಅಂತ ಹೇಳಿ. ನಾಳೆ ಬೆಳಿಗ್ಗೆ ಇಲಾಖೆಗೆ ಫೋನ್ ಮಾಡ್ತೀನಿ. ಯಾರ ಜೊತೆ ಅಂತ ಕೇಳಿದ್ರೆ, ಅದನ್ನೂ ಹೇಳಿ. ಮುಚ್ಚಿಡೋದು ಇವತ್ತಿಗೆ ಸಾಕು."

ಬ್ರೋಡಿಗೆ ಕೇಳಿಸಿತು. ಕೇಳೋ ಕಿವಿಗೂ ಕೇಳಿಸಿತು, ಹರಿದ ಕಿವಿಗೂ ಕೇಳಿಸಿತು. ಅವಳು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಬಾಯಿಗಿಟ್ಟ ತುತ್ತು ಅಂದ್ಯಲ್ಲ," ಅಂದಳು ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಅದು ನ್ಯಾಯವಾದ ಮಾತು. ಅದಕ್ಕೇ ನಂಗೆ ಉತ್ತರ ಬರ್ಲಿಲ್ಲ."

"ಅಂದಿದ್ದು ತಪ್ಪಾಯ್ತು."

"ತಪ್ಪಾಗ್ಲಿಲ್ಲ. ಮೊದಲೇ ಅನ್ಬೇಕಿತ್ತು, ಮೊಟ್ಟೆ ಆರೋಕೆ ಮುಂಚೆ."

ನೋಲೀನ್ ಇಬ್ಬರ ಕೈಗೂ ಒಂದೊಂದು ಪೈ ತುರುಕಿದಳು. ಕ್ಲೈವ್ ಮಾತ್ರ ಇನ್ನೂ ಪುಸ್ತಕ ಹಿಡಿದುಕೊಂಡೇ ಇದ್ದ. ಅಷ್ಟು ಸುಲಭಕ್ಕೆ ಸೋಲುವ ಜಾತಿಯಲ್ಲ ಅವನು.

"ಒಂದು ಮಾತು," ಅಂದ. "ನಿಮ್ಮಿಬ್ಬರ ವಿಷಯ ಬೇರೆ. ಪುಸ್ತಕದ ಜೋಡಿ ನಂಗೆ ಈಗಲೂ ನಂಬಿಕೆ ಬರಲ್ಲ. ಮುನ್ನೂರು ಪುಟದಲ್ಲಿ ಒಂದು ಟೋಸ್ಟ್ ಇಲ್ಲ."

"ಅದು ನಿಜ," ಅಂದಳು ಮೆರೆಡಿತ್.

"ಅದು ನಿಜ," ಅಂದ ಬ್ರೋಡಿ. ಮೊದಲ ಸಲ ಅವನೂ ಕ್ಲೈವೂ ಒಂದು ಮಾತಿಗೆ ಬಂದಿದ್ದರು. ಇಬ್ಬರಿಗೂ ಅದು ಅಷ್ಟು ಹಿಡಿಸಲಿಲ್ಲ.

"ಮಂಗಳವಾರ ಸಂಜೆ ಆರಕ್ಕೆ ಸ್ಕೂಲ್ ಕಮಿಟಿ ಮೀಟಿಂಗ್," ಕ್ಲೈವ್ ಕೋಟು ಹಾಕಿಕೊಳ್ಳುತ್ತಾ ಬ್ರೋಡಿಗೆ ಅಂದ. "ಯಾರ್ಯಾರು ಏನೇನು ಕೇಳ್ತಾರೋ, ಬಂದು ಉತ್ತರ ಕೊಡು. ಇವರೊಬ್ಬರನ್ನೇ ಎದುರಿಗೆ ನಿಲ್ಸಿ ನೀನು ದೋಣೀಲಿ ಕೂರಂಗಿಲ್ಲ."

"ನಾನಾ? ಆ ಸ್ಕೂಲಿಗಾ?"

"ಮತ್ತೆ? ಹುಲಿ ಥರ ಎಗರಾಡಿದ್ಯಲ್ಲ ಇಷ್ಟು ಹೊತ್ತು."

ಹನ್ನೆರಡು ವರ್ಷ ಆ ಗೇಟಿನ ಮುಂದೆ ಹೋಗುವಾಗ ಬ್ರೋಡಿ ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತಿದ್ದ. ಮೆರೆಡಿತ್ ಕಾದಳು.

"ಬರ್ತೀನಿ," ಅಂದ. "ಆದ್ರೆ ಹೇಳಿರ್ತೀನಿ, ಆ ಮಕ್ಕಳ ಕುರ್ಚೀಲಿ ಮಾತ್ರ ಕೂರಲ್ಲ."

ಕ್ಲೈವ್ ಬಾಗಿಲ ಹತ್ತಿರ ನಿಂತು ತಿರುಗಿದ. "ಬೇರೆ ಕುರ್ಚಿ ಎಲ್ಲಿಂದ ತರೋಣಪ್ಪ? ನಾನೂ ಅದರಲ್ಲೇ ಕೂರೋದು. ಮಂಡಿ ಗಲ್ಲಕ್ಕೆ ಬಡಿಯತ್ತೆ, ಅಭ್ಯಾಸ ಆಗತ್ತೆ."